ಬಾಣಂತಿಯ ಕೋಣೆ ಮತ್ತು ಥ್ರಿಲ್ಲರ್ ಕಥೆಗಳು

ನಮಸ್ಕಾರ. ಹಸುಗೂಸಿನ ತಾಯಿಯೊಬ್ಬಳು ಒಂಟಿತನದಲ್ಲಿ ದಿಕ್ಕುಗೆಡುವ ಮನೋವೈಜ್ಞಾನಿಕ ಥ್ರಿಲ್ಲರ್‌ಗಳಲ್ಲಿ ಭಯದ ಕೀಲು ಎಲ್ಲಿದೆ ಎಂದು ತಿಳಿಯಬೇಕಾದರೆ, ಅಮೆರಿಕದ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ ಎಂಬ ಸಣ್ಣಕಥೆಯಿಂದ ಆರಂಭಿಸುವುದು ಒಳ್ಳೆಯದು.

[ತೆರೆಯ ಮೇಲೆ: ಹಳದಿ ಗೋಡೆ, ಸರಳಿನ ಕಿಟಕಿ]

ಕಥೆ ಹೇಳುವವಳು ಬಾಣಂತಿ. ವೈದ್ಯನಾದ ಗಂಡ ಜಾನ್ ಅವಳನ್ನು ಬೇಸಿಗೆಯ ಮಟ್ಟಿಗೆ ಊರಾಚೆಯ ಬಂಗಲೆಯ ಮಹಡಿಯ ಕೋಣೆಯಲ್ಲಿ ಇರಿಸಿದ್ದಾನೆ. ಮಂಚವನ್ನು ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಲಾಗಿದೆ. ಗೋಡೆಯ ಕಾಗದ ಅಲ್ಲಲ್ಲಿ ಕಿತ್ತುಹೋಗಿದೆ. ಮಗುವನ್ನು ಬೇರೊಬ್ಬಳು ನೋಡಿಕೊಳ್ಳುತ್ತಾಳೆ, ಅದರ ಪ್ರಸ್ತಾಪವೂ ಕಥೆಯಲ್ಲಿ ಬೆರಳೆಣಿಕೆಯ ಸಾಲುಗಳಷ್ಟೇ. ಗಂಡ ಬರುವ ಸುಳಿವು ಸಿಕ್ಕೊಡನೆ ಅವಳು ಬರೆಯುತ್ತಿದ್ದುದನ್ನು ಬಚ್ಚಿಡುತ್ತಾಳೆ. ಬರಬರುತ್ತ ಆ ಕಾಗದದ ಚಿತ್ತಾರದ ಹಿಂದೆ ಹೆಂಗಸೊಬ್ಬಳು ಸರಳು ಹಿಡಿದು ಅಲ್ಲಾಡಿಸುತ್ತಿರುವುದು ಅವಳಿಗೆ ಕಾಣತೊಡಗುತ್ತದೆ.

ಗಿಲ್ಮನ್ ಇದನ್ನು ಗಾಳಿಯಿಂದ ಹೆಣೆದವರಲ್ಲ. 1885ರಲ್ಲಿ ಮಗಳು ಹುಟ್ಟಿದ ಮೇಲೆ ಖಿನ್ನತೆಗೆ ಸಿಲುಕಿದ್ದ ಅವರು, 1887ರಲ್ಲಿ ಫಿಲಡೆಲ್ಫಿಯಾದ ಹೆಸರಾಂತ ನರವೈದ್ಯ ಸೈಲಾಸ್ ವೇರ್ ಮಿಚೆಲ್ ಅವರಲ್ಲಿ ವಿಶ್ರಾಂತಿ ಚಿಕಿತ್ಸೆ, ಅಂದರೆ ಓದು ಬರಹ ಬಿಡಿಸಿ ಹಾಸಿಗೆಯಲ್ಲೇ ಇರಿಸುವ ಚಿಕಿತ್ಸೆ, ಪಡೆದರು. ಮನೆಗೆ ಕಳುಹಿಸುವಾಗ, ದಿನಕ್ಕೆ 2 ಗಂಟೆಗಿಂತ ಹೆಚ್ಚು ಬೌದ್ಧಿಕ ಕೆಲಸ ಕೂಡದು, ಬದುಕಿರುವವರೆಗೆ ಲೇಖನಿ ಮುಟ್ಟಕೂಡದು ಎಂದು ಆ ವೈದ್ಯರು ವಿಧಿಸಿದರೆಂದು ಗಿಲ್ಮನ್ ಮುಂದೆ ಬರೆದರು. ಕಥೆಯೊಳಗೂ, ಬೇಗ ಚೇತರಿಸಿಕೊಳ್ಳದಿದ್ದರೆ ಮಿಚೆಲ್ ಬಳಿಗೆ ಕಳುಹಿಸುವೆನೆಂದು ಜಾನ್ ಹೆದರಿಸುತ್ತಾನೆ. ವೈದ್ಯರ ಹೆಸರನ್ನು ಮರೆಮಾಚುವ ಸೌಜನ್ಯವನ್ನೂ ಲೇಖಕಿ ತೋರಿಸಿಲ್ಲ!

ಬಾಣಂತಿ ಓದಬಾರದು, ಕಣ್ಣು ಹಾಳಾಗುತ್ತದೆ ಎನ್ನುವ ಹಿರಿಯರು ನಮ್ಮಲ್ಲೂ ಇದ್ದಾರೆ. ಆದರೆ ತವರಿನ ಬಾಣಂತನದಲ್ಲಿ ಸುತ್ತಲೂ ಜನರಿರುತ್ತಾರಲ್ಲ, ಅಲ್ಲಿ ಇಂಥ ಭಯಕ್ಕೆ ಎಡೆಯೆಲ್ಲಿ ಎಂದು ನೀವು ಕೇಳಬಹುದು. ಜನರಿದ್ದ ಮಾತ್ರಕ್ಕೆ ಒಂಟಿತನ ನೀಗುವುದಿಲ್ಲ ಎಂಬುದನ್ನು 1968ರ ‘ರೋಸ್‌ಮೆರೀಸ್ ಬೇಬಿ’ ಚಿತ್ರ ತೋರಿಸುತ್ತದೆ. ನ್ಯೂಯಾರ್ಕಿನ ಅಪಾರ್ಟ್‌ಮೆಂಟಿನಲ್ಲಿರುವ ಗರ್ಭಿಣಿ ರೋಸ್‌ಮೆರಿಗೆ ನೆರೆಯವರ ಉಪಚಾರವೇ ಉಪಚಾರ. ದಿನವೂ ಕುಡಿಯಲು ಪಾನೀಯವನ್ನೂ ತಂದುಕೊಡುತ್ತಾರೆ. ಪುಸ್ತಕ ಓದಬೇಡ, ಗೆಳತಿಯರ ಮಾತು ಕೇಳಬೇಡ ಎನ್ನುವುದು ಅವಳ ವೈದ್ಯರ ಮೊದಲ ಸಲಹೆ. ಮುಕ್ಕಾಲು ಶತಮಾನ ಕಳೆದರೂ ಔಷಧದ ಚೀಟಿ ಬದಲಾಗಿಲ್ಲ.

ಆ ನೆರೆಯವರು ಸೈತಾನನ ಆರಾಧಕರು, ಗಂಡನೂ ವೈದ್ಯರೂ ಅವರ ಜೊತೆಗಾರರು. ಆದರೂ ನನ್ನ ದೃಷ್ಟಿಯಲ್ಲಿ ಚಿತ್ರದ ಅತ್ಯಂತ ಭೀಕರ ಘಟ್ಟದಲ್ಲಿ ಸೈತಾನನ ಸುಳಿವೇ ಇಲ್ಲ. ಎಲ್ಲರಿಂದ ತಪ್ಪಿಸಿಕೊಂಡು ಬಂದ ರೋಸ್‌ಮೆರಿ ಇನ್ನೊಬ್ಬ ವೈದ್ಯರ ಮುಂದೆ ಸಂಗತಿಯನ್ನೆಲ್ಲ ಹೇಳಿಕೊಳ್ಳುತ್ತಾಳೆ; ಅವರು ಸಮಾಧಾನದಿಂದ ಕೇಳಿ, ವಿಶ್ರಾಂತಿ ತೆಗೆದುಕೊಳ್ಳಲು ಹೇಳಿ, ಅವಳು ಮಲಗಿದ್ದಾಗ ಗಂಡನನ್ನೂ ಹಳೆಯ ವೈದ್ಯರನ್ನೂ ಕರೆಸಿಬಿಡುತ್ತಾರೆ.