ಓನೀತೆ, ಬಾ ಕುಣಿಯೋಣ

ನಮಸ್ಕಾರ. ಲಿಥುವೇನಿಯಾದ ಕೌನಸ್‌ನಲ್ಲಿ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ಬಂದಿದ್ದೇನೆ, ಮಬ್ಬಾಗಿ ಕಂಡರೆ ಬೈಯಬೇಡಿ.

ಇದು ಲಾಯಿಸ್ವೇಸ್ ಅಲೇಯಾ, ನಡೆಯುವವರಿಗೆಂದೇ ಬಿಟ್ಟಿರುವ ಉದ್ದದ ಬೀದಿ. ಹಳೆಯ ಮೆಟ್ರೋಪೋಲಿಸ್ ರೆಸ್ಟೋರೆಂಟ್ ಹತ್ತಿರ ನಿಂತಿರುವ ಕಂಚಿನ ಪ್ರತಿಮೆ ಕಾಣಿಸಿತಾ? ಅವರೇ ಗಾಯಕ ಡನಿಯೆಲ್ಯುಸ್ ಡೋಲ್ಸ್ಕಿಸ್.

ಹುಟ್ಟಿದ್ದು ವಿಲ್ನಿಯಸ್‌ನ ಯಹೂದಿ ಮನೆಯಲ್ಲಿ. ಹೆಸರು ಮಾಡಿದ್ದು ಪೀಟರ್ಸ್‌ಬರ್ಗ್‌ನ ವೇದಿಕೆಗಳಲ್ಲಿ, ರಷ್ಯನ್‌ನಲ್ಲಿ ಹಾಡಿ, ನಗಿಸಿ. ಕ್ರಾಂತಿಯಾದ ಮೇಲೆ ಅಲ್ಲಿಂದ ಹೊರಬಿದ್ದರು. ಲಾಟ್ವಿಯಾದ ರಿಗಾದಲ್ಲಿದ್ದು, 1929ರಲ್ಲಿ ಕೌನಸ್‌ಗೆ ಬಂದರು. ಆಗ ವಿಲ್ನಿಯಸ್ ಪೋಲೆಂಡ್ ಕೈಯಲ್ಲಿತ್ತು, ಕೌನಸ್ಸೇ ಲಿಥುವೇನಿಯಾದ ತಾತ್ಕಾಲಿಕ ರಾಜಧಾನಿ. ಇಲ್ಲಿನ ರೆಸ್ಟೋರೆಂಟ್‌ಗಳಲ್ಲಿ ಟ್ಯಾಂಗೋ, ಫಾಕ್ಸ್‌ಟ್ರಾಟ್ ಕುಣಿತದ ಹಾಡುಗಳು ಜೋರಾಗಿದ್ದವು. ಲಿಥುವೇನಿಯನ್ ಭಾಷೆಯಲ್ಲಿ ಮಾತ್ರ ಅಂಥ ಹಾಡುಗಳು ಇನ್ನೂ ಕಣ್ಣು ಬಿಡುತ್ತಿದ್ದವು.

ಡೋಲ್ಸ್ಕಿಸ್‌ಗೆ ಆಗಲೇ ನಲವತ್ತರ ಹತ್ತಿರ. ಆ ವಯಸ್ಸಿನಲ್ಲಿ ಕೂತು ಲಿಥುವೇನಿಯನ್ ಕಲಿತರು. ಅದೆಷ್ಟು ಕಷ್ಟ ಅಂತ ನನ್ನನ್ನು ಕೇಳಿ! ಏಳು ವಿಭಕ್ತಿ. ನಾನು ಬಂದು ಎರಡು ವರ್ಷವಾಯಿತು, ಬೇಕರಿಯಲ್ಲಿ ಇವತ್ತಿಗೂ ಬೆರಳು ತೋರಿಸಿಯೇ ಬ್ರೆಡ್ ತಗೊಳ್ಳುವುದು.

ಅವರ ಒಂದು ಹಾಡಿನ ಹೆಸರನ್ನೇ ನೋಡಿ. 'ಓನೀತೆ, ನನ್ನ ಜೊತೆ ಕುಣಿಯೋಕೆ ಬಾ' ಅಂತ ಅರ್ಥ. ಹುಡುಗಿ ಓನಾ, ಮುದ್ದಿಗೆ ಓನೀತೇ. ಕರೆಯುವಾಗ ಮಾತ್ರ ಕೊನೆಯ ಸ್ವರ ಮೊಟಕಾಗಿ ಓನೀತೆ. ನಾವು ಕರೆಯುವಾಗ 'ಅಮ್ಮಾ' ಅಂತ ಎಳೆಯುತ್ತೇವೆ, ಇವರು ಕತ್ತರಿಸುತ್ತಾರೆ. ಅದಕ್ಕೇ ಇರಬೇಕು, ಆ ಹೆಸರು ನನಗೆ ಥಟ್ಟನೆ ಕೈ ಹಿಡಿದೆಳೆದ ಹಾಗೆ ಕೇಳಿಸುತ್ತದೆ.

ಬರ್ಲಿನ್‌ನ ಹೋಮೋಕಾರ್ಡ್ ಕಂಪನಿ ಅವರ ಹಾಡುಗಳ ಗ್ರಾಮಫೋನ್ ಪ್ಲೇಟ್ ತಂದಿತು. ಒಂದು ಬದಿಗೆ ಮೂರು ನಿಮಿಷ, ಅಷ್ಟೇ. ಅದರಲ್ಲೇ ಹಾಡು, ತುಂಟತನ ಎರಡೂ. ದೊಡ್ಡ ಗಂಟಲೇನಲ್ಲ ಅಂತ ನನಗನ್ನಿಸುತ್ತದೆ. ಆದರೆ ಕರಕರ ಸದ್ದಿನ ಹಿಂದೆ ಯಾರೋ ಕಣ್ಣು ಮಿಟುಕಿಸುತ್ತಿರುವುದು ಗೊತ್ತಾಗುತ್ತದೆ, ಅಲ್ವಾ? ಪಲಾಂಗಾ ಅನ್ನೋ ಕಡಲತೀರದ ಊರಿನ ಹಾಡನ್ನೂ ಕೇಳಿ.

1931ರ ಡಿಸೆಂಬರ್‌ನಲ್ಲಿ ನ್ಯುಮೋನಿಯಾ ಆಗಿ ಇದೇ ಊರಿನಲ್ಲಿ ತೀರಿಕೊಂಡರು. ಲಿಥುವೇನಿಯನ್‌ನಲ್ಲಿ ಹಾಡಲು ಸಿಕ್ಕಿದ್ದು ಎರಡು ವರ್ಷ ಚಿಲ್ಲರೆ. ಇನ್ನು ಹತ್ತು ವರ್ಷ ತುಂಬುವುದರೊಳಗೆ ನಾಜಿಗಳು ಬಂದರು. ಈ ಊರಿನ ಯಹೂದಿಗಳಲ್ಲಿ ಬದುಕಿ ಉಳಿದವರು ಬಹಳ ಕಡಿಮೆ.

ಈ ಪ್ರತಿಮೆ ಬಂದಿದ್ದು 2007ರಲ್ಲಿ. ಮಾಡಿದವರು ಶಿಲ್ಪಿ ರೊಮುಅಲ್ದಸ್ ಕ್ವಿಂಟಸ್.

ಮಳೆ ಜಾಸ್ತಿಯಾಯಿತು, ಮೈಕ್ ಒದ್ದೆ. ಬೇಕರಿಗೆ ಓಡುತ್ತೇನೆ. ಇವತ್ತು ಬೆರಳು ತೋರಿಸಲ್ಲ. 'ದುವೋನೋಸ್, ಪ್ರಶೌ.' ಅಂದರೆ 'ಬ್ರೆಡ್, ದಯವಿಟ್ಟು.' ಷಷ್ಠಿ ವಿಭಕ್ತಿ, ಸರಿ ತಾನೇ?