ಸೀಸದ ಗಣಿಯೂರಿನ ಪುಸ್ತಕಗಳು

ಕೇಳುಗರಿಗೆ ನಮಸ್ಕಾರ.

ಸ್ಕಾಟ್ಲೆಂಡಿನಲ್ಲಿ ಎಲ್ಲಕ್ಕಿಂತ ಎತ್ತರದ ಹಳ್ಳಿ ಎಂದರೆ ಉತ್ತರದ ಹೈಲ್ಯಾಂಡ್ಸ್ ಬೆಟ್ಟಗಳಲ್ಲೇ ಇರಬೇಕು ಅನ್ನಿಸುತ್ತದೆ. ಅಲ್ಲ. ಆ ಹೆಸರು ದಕ್ಷಿಣದ ಲೌದರ್ ಗುಡ್ಡಗಳ ನಡುವಿನ ವಾನ್‌ಲಾಕ್‌ಹೆಡ್‌ಗೆ ಸಲ್ಲುತ್ತದೆ. ಸಮುದ್ರಮಟ್ಟದಿಂದ ಸುಮಾರು 460 ಮೀಟರ್ ಮೇಲಿರುವ ಪುಟ್ಟ ಊರು. ಅಲ್ಲಿನ ಚಳಿಗಾಳಿಗೆ ಬೇಸಾಯದ ಮಾತೇ ಇಲ್ಲ. ಜನ ಬಂದು ನೆಲೆಸಿದ್ದು ನೆಲದೊಳಗಿನ ಸೀಸಕ್ಕಾಗಿ.

ಗಣಿಯೂರು ಎಂದರೆ ಹೆಂಡದಂಗಡಿ, ಸಾಲ, ಕೆಮ್ಮು ಎಂದಷ್ಟೇ ಎಣಿಸುವವರು ಇದನ್ನು ಕೇಳಬೇಕು. 1756ರಲ್ಲಿ ಇಲ್ಲಿನ ಗಣಿ ಕೆಲಸಗಾರರು ತಾವೇ ಚಂದಾ ಹಾಕಿಕೊಂಡು ಒಂದು ಪುಸ್ತಕ ಭಂಡಾರ ಕಟ್ಟಿದರು. ಯಾವ ಧಣಿಯ ಉಂಬಳಿಯೂ ಅಲ್ಲ ಅದು. ಒಂದೆರಡು ಮೈಲಿ ಆಚೆಯ ಲೆಡ್‌ಹಿಲ್ಸ್‌ನವರು 1741ರಲ್ಲೇ ಇಂಥದ್ದನ್ನು ಆರಂಭಿಸಿದ್ದರು. ನೆರೆಯೂರಿನ ಮೇಲಿನ ಪೈಪೋಟಿಯೂ ಸ್ವಲ್ಪ ಇದ್ದಿರಬಹುದು ಎಂಬುದು ನನ್ನ ಗುಮಾನಿ.

ದುಡಿದು ದಣಿದವರಿಗೆ ಓದಲು ಹೊತ್ತೆಲ್ಲಿತ್ತು? ಲೆಡ್‌ಹಿಲ್ಸ್ ಗಣಿಯ ಆಡಳಿತ ಆಗ ಜೇಮ್ಸ್ ಸ್ಟರ್ಲಿಂಗ್ ಕೈಯಲ್ಲಿತ್ತು. ಗಣಿತ ಓದಿದವರಿಗೆ ಗೊತ್ತಿರುವ ಸ್ಟರ್ಲಿಂಗ್ ಸೂತ್ರ ಇವನದೇ! ಅವನ ಕಾಲದಲ್ಲಿ ಗಣಿಯೊಳಗಿನ ಪಾಳಿ ಆರು ಗಂಟೆಯದು. ಹೊರಬಂದ ಮೇಲೆ ದಿನದಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತಿತ್ತು. ಪುಸ್ತಕದ ಹಂಬಲ ಎಷ್ಟೇ ಇರಲಿ, ಈ ಬಿಡುವು ಸಿಗದಿದ್ದರೆ ಓದು ಬೆಳೆಯುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ.

1803ರಲ್ಲಿ ಕವಿ ವರ್ಡ್ಸ್‌ವರ್ತ್, ತಂಗಿ ಡೊರೊಥಿ ಮತ್ತು ಗೆಳೆಯ ಕವಿ ಕೋಲ್‌ರಿಜ್ ಈ ದಾರಿಯಲ್ಲಿ ಬಂದರು. ಟೋಪಿಗೆ ಹೂಬಳ್ಳಿ ಸುತ್ತಿಕೊಂಡ ವಾನ್‌ಲಾಕ್‌ಹೆಡ್‌ನ ಹುಡುಗರು ಎದುರಾದರು. ಏನು ಓದುತ್ತೀರಿ ಎಂದರೆ ಲ್ಯಾಟಿನ್ ಕವಿ ವರ್ಜಿಲ್ ಎಂದರಂತೆ. ಕೆಲವರು ಗ್ರೀಕಿನಲ್ಲಿ ಹೋಮರನನ್ನೂ ಓದುತ್ತಾರಂತೆ. ಕೋಲ್‌ರಿಜ್ ಇನ್ನಷ್ಟು ಕೆದಕಲು ಹೊರಟದ್ದೇ ತಡ, ಹುಡುಗರು ಓಟ ಕಿತ್ತರು. ಪರೀಕ್ಷೆ ಮಾಡಿಯಾರೆಂಬ ಭಯ ಇರಬೇಕು ಎಂದು ಡೊರೊಥಿ ಬರೆದಿದ್ದಾಳೆ.

ಸೀಸದ ಕಾಲ ಮುಗಿದುಹೋಗಿದೆ. ಗಣಿಯಿಂದ ನೀರೆತ್ತುತ್ತಿದ್ದ ತೊಲೆಯಂತ್ರ ಮಾತ್ರ ಊರೊಳಗೇ ನಿಂತಿದೆ. ನಮ್ಮ ಏತದ ಹಾಗೆ ನಡುವೆ ಕೀಲು. ಒಂದು ತುದಿಯ ತೊಟ್ಟಿಗೆ ಹಳ್ಳದ ನೀರು ತುಂಬಿದಾಗ ಅದರ ಭಾರಕ್ಕೆ ಇನ್ನೊಂದು ತುದಿ ಮೇಲೇಳುತ್ತಿತ್ತು. ಊರಿನ ಗಣಿ ವಸ್ತುಸಂಗ್ರಹಾಲಯದವರು ಹಳೆಯ ಸುರಂಗವೊಂದರೊಳಗೆ ಕರೆದೊಯ್ದು ತೋರಿಸುತ್ತಾರೆ. ಆದರೆ ಹೋದವರು ಸುರಂಗ ನೋಡಿ ಹಾಗೇ ಬಸ್ಸು ಹತ್ತಬೇಡಿ; ಕೆಲಸಗಾರರ ಆ ಪುಸ್ತಕ ಭಂಡಾರವೂ ಅಲ್ಲೇ ಇದೆ.

ನಮಸ್ಕಾರ.