ಆಯಿಯ ಹಿಮ್ಮಡಿ, ನನ್ನ ಹಿಮ್ಮಡಿ

ಈಗ ಪರದೆಯ ಮೇಲೆ ಕಾಣುತ್ತಿರುವುದು ನನ್ನ ಆಯಿಯ ಬಲಗಾಲಿನ ಹಿಮ್ಮಡಿ. ಬೇಸಿಗೆಯ ಗದ್ದೆಯಂತೆ ಬಿರಿದಿರುವ ಈ ಚರ್ಮದ ಅಂಚಿನಲ್ಲಿ, ಎರಡು ಬಿರುಕುಗಳ ತಳ ಕೆಂಪಗಿರುವುದನ್ನು ದಯವಿಟ್ಟು ಗಮನಿಸಿ. ಅವು ಒಳಚರ್ಮದವರೆಗೆ ಇಳಿದಿವೆ. ಶಿರಸಿಯ ಹತ್ತಿರದ ನಮ್ಮ ಮನೆಗೆ ಹಬ್ಬಕ್ಕೆಂದು ಬಂದಾಗಲೆಲ್ಲ ನಾನು ಈ ಕಾಲಿಗೆ ನಮಸ್ಕಾರ ಮಾಡಿದ್ದೇನೆ. ಆದರೆ ಅಂಗಾಲನ್ನು ತಿರುಗಿಸಿ ನೋಡಿದ್ದು ಈ ಡಿಸೆಂಬರಿನಲ್ಲೇ ಮೊದಲು, ಅದೂ ನನ್ನದೇ ಹಿಮ್ಮಡಿ ನೋಯತೊಡಗಿದ ಮೇಲೆ.

ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಹೇರಳವಾಗಿದ್ದರೂ ಜಿಡ್ಡು ಸ್ರವಿಸುವ ಗ್ರಂಥಿಗಳಿಲ್ಲ. ಹಾಗಾಗಿ ಚಳಿಗಾಲದ ಒಣಗಾಳಿಗೆ ಅಲ್ಲಿನ ಚರ್ಮ ಬೇಗ ಗಡುಸಾಗುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಬರಿಗಾಲಿನಲ್ಲೋ, ಹಿಂಬದಿಗೆ ಪಟ್ಟಿಯಿಲ್ಲದ ಚಪ್ಪಲಿಯಲ್ಲೋ ದಿನವಿಡೀ ಅಂಗಳದಲ್ಲಿ ಓಡಾಡಿದಾಗ, ಮೈಭಾರಕ್ಕೆ ಹಿಮ್ಮಡಿಯೊಳಗಿನ ಕೊಬ್ಬಿನ ಮೆತ್ತೆ ಪಕ್ಕಕ್ಕೆ ಹರಡುತ್ತದೆ, ಗಡುಸಾದ ಚರ್ಮ ಅದರ ಜೊತೆ ಹಿಗ್ಗಲಾರದೆ ಸೀಳುತ್ತದೆ.

ಆಯಿಯ ಮದ್ದು ಮುರುಗಲ ತುಪ್ಪ. ಮುರುಗಲ ಹಣ್ಣಿನ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಸಂಗ್ರಹಿಸಿ ಕಟ್ಟಿದ ಈ ಬಿಳಿಯ ಉಂಡೆಯ ಅಂಚನ್ನು ಅವಳು ದೀಪದ ಕುಡಿಗೆ ಹಿಡಿದು, ಕರಗಿದ್ದನ್ನು ಬೆರಳಿಗೆ ತೆಗೆದುಕೊಂಡು, ಆರಿಸಿ, ಬಿರುಕಿನೊಳಗೆ ಒತ್ತುತ್ತಾಳೆ. ಇದನ್ನು ಹಳೆಯ ಕಾಲದ ನಂಬಿಕೆಯೆಂದು ತಳ್ಳಿಹಾಕುವ ಮನಸ್ಸು ನನಗಿಲ್ಲ, ಏಕೆಂದರೆ ಅದು ಚರ್ಮದಲ್ಲಿರುವ ನೀರು ಆರದಂತೆ ತಡೆಯುವ ಒಳ್ಳೆಯ ಮುಚ್ಚಳ. ಆದರೆ ನೀರೇ ಇಲ್ಲದ ಚರ್ಮಕ್ಕೆ ಮುಚ್ಚಳ ಹಾಕಿ ಪ್ರಯೋಜನವೇನು? ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 15 ನಿಮಿಷ ಕಾಲು ನೆನೆಸಿ, ಸತ್ತ ಚರ್ಮವನ್ನು ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ತಿಕ್ಕಿ, ಒರೆಸಿ, ಇನ್ನೂ ಪಸೆಯಿರುವಾಗಲೇ ತುಪ್ಪವನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಚರ್ಮ ತೀರಾ ದಪ್ಪಗಾಗಿದ್ದರೆ 10ರಿಂದ 25 ಶೇಕಡಾ ಯೂರಿಯಾ ಇರುವ ಮುಲಾಮು ಅದನ್ನು ಮೆತ್ತಗಾಗಿಸುತ್ತದೆ. ರಕ್ತ ಒಸರುವ ಬಿರುಕು ಕೂಡಿಕೊಳ್ಳುವವರೆಗೆ ಕಲ್ಲನ್ನು ಮುಟ್ಟಬಾರದು. ಬ್ಲೇಡಿನಿಂದ ಹೆರೆಯುವುದಂತೂ ಯಾವ ಕಾಲಕ್ಕೂ ಸಲ್ಲದು.

ಮಳೆಗಾಲದ ತೊಂದರೆ ಇದಕ್ಕೆ ತದ್ವಿರುದ್ಧ. ನಾಟಿಯ ಸಮಯದಲ್ಲಿ ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಿನ ಸಂದಿ ಬೆಳ್ಳಗೆ ನೆನೆದು, ತುರಿಸಿ, ಸುಲಿದು ನಾರುವುದನ್ನು ನಮ್ಮಲ್ಲಿ ಕೆಸರುಹುಣ್ಣು ಎನ್ನುತ್ತಾರೆ. ಅಲ್ಲಿ ಬಹುಪಾಲು ಬೆಳೆಯುವುದು ಶಿಲೀಂಧ್ರ. ಗದ್ದೆಗೇ ಇಳಿಯದ ಪೇಟೆಯವರಿಗೂ ಒದ್ದೆ ಬೂಟಿನೊಳಗೆ ಇದೇ ಕಾಯಿಲೆ ಬರುತ್ತದೆ. ಇಲ್ಲಿ ಜಿಡ್ಡು ಹಚ್ಚಿದರೆ ಕೆಟ್ಟಿತು. ಬೆರಳ ಸಂದಿಯನ್ನು ಬಟ್ಟೆಯ ತುದಿಯಿಂದ ಒಂದೊಂದಾಗಿ ಒರೆಸಿ ಒಣಗಿಸಿ, ಕ್ಲೋಟ್ರಿಮಜೋಲ್ ಮುಲಾಮನ್ನು ಸಾಮಾನ್ಯವಾಗಿ 2ರಿಂದ 4 ವಾರ ಹಚ್ಚಬೇಕಾಗುತ್ತದೆ. ತುರಿಕೆ ನಿಂತಿತೆಂದು ನಾಲ್ಕನೇ ದಿನಕ್ಕೆ ಬಿಟ್ಟವರಿಗೆ ಅದು ಮರಳಿ ಬರುವುದು ಖಚಿತವೆಂದೇ ತಿಳಿಯಿರಿ. ಔಷಧದಂಗಡಿಯಲ್ಲಿ ಕೇಳಿದೊಡನೆ ಕೈಗೆ ಬರುವ, ಸ್ಟೀರಾಯ್ಡ್ ಬೆರೆತ ಮುಲಾಮುಗಳ ವಿಷಯದಲ್ಲಿ ನನಗೆ ಸಿಟ್ಟೇ ಇದೆ. ಅವು ಎರಡು ದಿನದಲ್ಲಿ ಉರಿಯನ್ನು ಅಡಗಿಸುತ್ತವೆ, ಒಳಗೊಳಗೆ ಶಿಲೀಂಧ್ರ ಹರಡಲು ದಾರಿ ಮಾಡಿಕೊಡುತ್ತವೆ.

ಇನ್ನು ನನ್ನ ಹಿಮ್ಮಡಿ. ನಿಂತು ಪಾಠ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಊರಿದ ಮೊದಲ ಹೆಜ್ಜೆಗೆ ಮೊಳೆ ಹೊಕ್ಕಂತಾಗುತ್ತಿತ್ತು, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನೋವು ಅರ್ಧ ಇಳಿದಿರುತ್ತಿತ್ತು. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿರುವುದು ಕಂಡಾಗ ನಾನು ಬೆಚ್ಚಿದೆ. ಅಂಥ ಮೂಳೆ ನೋವೇ ಇಲ್ಲದ ಎಷ್ಟೋ ಜನರಲ್ಲಿಯೂ ಇರುತ್ತದೆಂದು ಆಮೇಲೆ ತಿಳಿಯಿತು. ನೋಯುತ್ತಿದ್ದುದು ಹಿಮ್ಮಡಿಯಿಂದ ಬೆರಳ ಬುಡದವರೆಗೆ ಚಾಚಿಕೊಂಡಿರುವ ಪ್ಲಾಂಟರ್ ಫೇಶಿಯ ಎಂಬ ಗಟ್ಟಿ ಪಟ್ಟಿ. ಈಗ ನಾನು ಹಾಸಿಗೆಯಲ್ಲಿ ಕುಳಿತೇ ಪಂಚೆಯನ್ನು ಪಾದಕ್ಕೆ ಸುತ್ತಿ, ಬೆರಳುಗಳನ್ನು ನನ್ನತ್ತ ಎಳೆದು 30 ಸೆಕೆಂಡು ಹಿಡಿಯುತ್ತೇನೆ, ಗೋಡೆಗೆ ಕೈಕೊಟ್ಟು ಮೀನಖಂಡವನ್ನೂ ಹಾಗೆಯೇ ಹಿಗ್ಗಿಸುತ್ತೇನೆ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಧರಿಸುತ್ತೇನೆ, ಗ್ರಾನೈಟ್ ನೆಲದ ಮೇಲೆ ಬರಿಗಾಲಿನ ನಡಿಗೆಯನ್ನು ಬಿಟ್ಟಿದ್ದೇನೆ. ಹೆಚ್ಚಿನವರಿಗೆ ಇದು ಶಸ್ತ್ರಚಿಕಿತ್ಸೆಯಿಲ್ಲದೆ ವರ್ಷದೊಳಗೆ ವಾಸಿಯಾಗುತ್ತದೆ. ನನಗೆ ಐದನೇ ತಿಂಗಳು ನಡೆಯುತ್ತಿದೆ.

ಆಣಿಯ ಬಗ್ಗೆ ಹೇಳುವಾಗ ದೊಡ್ಡಪ್ಪನ ನೆನಪು ಬರುತ್ತದೆ. ಆಣಿಗೆ ಆಳವಾದ ಬೇರಿದೆ, ಕಿತ್ತರೆ ಹೋಯಿತು ಎಂಬುದು ನಮ್ಮೂರಿನ ನಂಬಿಕೆ. ಅದಕ್ಕೆ ಬೇರು ಎಂಬುದೇ ಇಲ್ಲ, ಬಿಗಿಯಾದ ಚಪ್ಪಲಿ ಒಂದೇ ಜಾಗವನ್ನು ಒತ್ತುತ್ತಿದ್ದರೆ ಚರ್ಮ ಮೊನೆಯಂತೆ ಒಳಮುಖವಾಗಿ ಗಟ್ಟಿಯಾಗುತ್ತದೆ, ಒತ್ತಡ ತಪ್ಪದಿದ್ದರೆ ಎಷ್ಟು ಸಲ ತೆಗೆಸಿದರೂ ಮತ್ತೆ ಬರುತ್ತದೆ. ಅದನ್ನು ಕರಗಿಸಲು ಸಿಗುವ ಆಣಿಪಟ್ಟಿಯಲ್ಲಿ ಸ್ಯಾಲಿಸಿಲಿಕ್ ಆಮ್ಲ ಇರುತ್ತದೆ, ಅದು ಆಣಿಯನ್ನೂ ಸುತ್ತಲಿನ ಒಳ್ಳೆಯ ಚರ್ಮವನ್ನೂ ಒಂದೇ ರೀತಿ ಸುಡುತ್ತದೆ. ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆಯಿದ್ದ ದೊಡ್ಡಪ್ಪ ಪಟ್ಟಿ ಅಂಟಿಸಿ ವಾರ ಬಿಟ್ಟರು. ಪಾದದ ಸ್ಪರ್ಶಜ್ಞಾನ ಮೊದಲೇ ಹೋಗಿದ್ದರಿಂದ ಅವರಿಗೆ ಉರಿ ತಿಳಿಯಲಿಲ್ಲ, ಕಾಲುಚೀಲಕ್ಕೆ ಕೀವು ಅಂಟಿದ ಮೇಲಷ್ಟೇ ಗೊತ್ತಾಯಿತು. ಕಿರುಬೆರಳನ್ನು ತೆಗೆಯಬೇಕಾಯಿತು.

ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು, ನಾನು ಈವರೆಗೆ ಹೇಳಿದ ಮನೆಮದ್ದುಗಳಲ್ಲಿ ಕಾಲು ನೆನೆಸುವುದನ್ನೂ ಕಲ್ಲಿನಿಂದ ತಿಕ್ಕುವುದನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ಅವರು ರಾತ್ರಿ ಮಲಗುವ ಮುನ್ನ ಕನ್ನಡಿಯನ್ನು ನೆಲಕ್ಕಿಟ್ಟು ಅಂಗಾಲು ನೋಡಿಕೊಳ್ಳಬೇಕು, ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಬೇಕು, ಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕುವುದನ್ನು ಬಿಡಬೇಕು. ವರ್ಷಕ್ಕೊಮ್ಮೆಯಾದರೂ ವೈದ್ಯರಲ್ಲಿ 10 ಗ್ರಾಂ ಮೊನೊಫಿಲಮೆಂಟ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೈಲಾನ್ ಎಳೆಯೊಂದನ್ನು ಬಾಗುವಷ್ಟು ಪಾದಕ್ಕೆ ಒತ್ತಿ, ತಾಗಿದ್ದು ತಿಳಿಯಿತೇ ಎಂದು ಕೇಳುವ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು.

ಸಂಜೆಯ ಹೊತ್ತಿಗೆ ಪಾದ ತುಸು ಊದಿಕೊಂಡಿರುವುದರಿಂದ ಅಳತೆ ತೆಗೆಯಲು ಅದೇ ಸರಿಯಾದ ಸಮಯ. ಆಯಿಯನ್ನು ರಟ್ಟಿನ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆಯುತ್ತಿದ್ದೇನೆ. ಮುಖ ಬಿಟ್ಟು ಕಾಲನ್ನು ತೆಗೆಯುವುದು ಎಂಥ ವಿಡಿಯೊ ಎಂದು ಅವಳು ನಗುತ್ತಿದ್ದಾಳೆ. ಈಗ ಅವಳು ದಿನವೂ ಮೆಟ್ಟುವ ಚಪ್ಪಲಿಯನ್ನು ಅದೇ ಗೆರೆಯ ಮೇಲೆ ಇಡುತ್ತೇನೆ. ನೋಡಿ, ಎರಡೂ ಪಕ್ಕಗಳಲ್ಲಿ ಗೆರೆ ಚಪ್ಪಲಿಯ ಹೊರಗೇ ಉಳಿಯಿತು.